ಏಟಿನ ಸದ್ದು ಕೇಳಿಸುವ ಹೆಡ್‌ಫೋನ್: ಸೋನಿ ಎಂಡಿಆರ್-7506

ಮೂಳೆ ವಿಭಾಗದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಿಸ್ಟರ್ ಆಗಿದ್ದೇನೆ. ಎರಡನೇ ಪಾಳಿ ಮುಗಿಸಿ ಮನೆ ಸೇರುವ ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ. ನನಗೆ ಮಾತ್ರ ಆಗಲೇ ನಿದ್ದೆ ಹತ್ತುವುದಿಲ್ಲ, ಒಂದು ಸಿನಿಮಾ ಬೇಕು. ಅದಕ್ಕೇ ಈ ಹೆಡ್‌ಫೋನ್ ಕೊಂಡೆ. ಒಂದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ.

1991ರಲ್ಲಿ ಬಂದ ಮಾದರಿ ಇದು. ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ, ಚಿತ್ರೀಕರಣದ ಜಾಗಗಳಲ್ಲಿ ಕೆಲಸ ಮಾಡುವವರು ಇಂದಿಗೂ ಹಾಕಿಕೊಳ್ಳುತ್ತಾರೆ. ಬ್ಲೂಟೂತ್ ಇಲ್ಲ. ಹಳೆಯ ಟೆಲಿಫೋನಿನದರಂತೆ ಸುರುಳಿ ಸುತ್ತಿದ ತಂತಿ. ಲ್ಯಾಪ್‌ಟಾಪಿಗೆ ನೇರವಾಗಿ ಸಿಕ್ಕಿಸಿದರೆ ಸಾಕು. ಮಡಚಿ ಚೀಲದಲ್ಲಿ ಇಡಬಹುದು. ರೂಪದ ಬಗ್ಗೆ ಹೇಳುವುದು ಇಷ್ಟೇ.

ಇದರ ದನಿ ತುಸು ಚೂಪು. ಚಿಕ್ಕ ಸದ್ದುಗಳು ಮುಂದೆ ಬಂದು ನಿಲ್ಲುತ್ತವೆ: ಬಟ್ಟೆಯ ಸರಪರ, ನಾಲಗೆ ಅಂಗುಳಕ್ಕೆ ಅಂಟಿ ಬಿಡುವುದು, ಮೂಗಿನಲ್ಲಿ ಕಟ್ಟಿದ ಉಸಿರು. ಹಾಡು ಕೇಳುವವರಿಗೆ ಇದು ದಣಿವು ತರಬಹುದು. ನನಗೆ ಇದೇ ಬೇಕಿತ್ತು. ಏಕೆಂದರೆ ಸಿನಿಮಾದಲ್ಲಿ ಹಿಂಸೆ ಮೈಗೆ ತಾಗುವುದು ಕಣ್ಣಿನಿಂದಲ್ಲ, ಕಿವಿಯಿಂದ. ರಕ್ತ ಕಂಡಾಗ ಕಣ್ಣು ಮುಚ್ಚಿಕೊಳ್ಳಬಹುದು, ಕಿವಿಗೆ ರೆಪ್ಪೆಯಿಲ್ಲ.

1960ರ ‘ಸೈಕೋ’ವನ್ನು ಇದರಲ್ಲಿ ಕೇಳಿ. ಸ್ನಾನದ ಕೋಣೆಯ ಆ ಕೊಲೆಯಲ್ಲಿ ಹರಿಯುವುದು ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಅದು ರಕ್ತದಂತೆಯೇ ಕಾಣುತ್ತದೆ. ಚಾಕು ಇಳಿಯುವ ಸದ್ದಿಗೆ ಇರಿದದ್ದು ಕರಬೂಜದ ಜಾತಿಯ ಹಣ್ಣನ್ನು. ನಿರ್ದೇಶಕ ಹಿಚ್‌ಕಾಕ್ ಅಲ್ಲಿ ಸಂಗೀತವೇ ಬೇಡವೆಂದಿದ್ದರು. ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಒಪ್ಪಿಕೊಂಡರು. ಟಿವಿಯಲ್ಲಿ ನೋಡಿದಾಗ ನನಗೆ ನೆನಪಿನಲ್ಲಿ ಉಳಿದದ್ದು ಪಿಟೀಲುಗಳ ಕಿರುಚು ಮಾತ್ರ. ಹೆಡ್‌ಫೋನಿನಲ್ಲಿ ಅದರ ಅಡಿಯಲ್ಲಿ ಒದ್ದೆಯಾದ, ಮೆತ್ತನೆಯ ಇನ್ನೊಂದು ಸದ್ದು ಸಿಕ್ಕಿತು. ಹೊಟ್ಟೆ ಹಿಂಡಿದ್ದು ಅದೇ.

ಮೂಳೆ ಮುರಿಯುವ ಸದ್ದಿಗೆ, ಸಿನಿಮಾಕ್ಕೆ ಸದ್ದುಗಳನ್ನು ಮಾಡಿಕೊಡುವ ಕಲಾವಿದರು ಸೆಲೆರಿ ಎಂಬ ಸೊಪ್ಪಿನ ಗರಿಗರಿ ದಂಟನ್ನು ಮುರಿಯುವುದುಂಟು. ನಾನು ಅಡುಗೆಮನೆಯಲ್ಲಿ ನುಗ್ಗೆಕಾಯಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಿವಿಯ ಹತ್ತಿರ ಮುರಿದು ನೋಡಿದೆ. ಮೈ ಜುಮ್ಮೆಂದಿತು. ಆದರೆ ನಮ್ಮ ಕೊಠಡಿಯಲ್ಲಿ ಕೇಳುವುದು ಅದಲ್ಲ. ಕೀಲು ತಪ್ಪಿದ ಭುಜವನ್ನು ಕೂಡಿಸುವಾಗ ಬರುವುದು ಒಂದು ಮಂದವಾದ ‘ಟಕ್’. ಎಷ್ಟೋ ಬಾರಿ ಅದು ಕಿವಿಗೆ ಬೀಳುವುದೇ ಇಲ್ಲ, ಹಿಡಿದ ಕೈಗೆ ತಿಳಿಯುತ್ತದೆ. ತೀರಾ ನೋವಿನಲ್ಲಿ ಇರುವವರು ಹೆಚ್ಚು ಚೀರುವುದಿಲ್ಲ. ಹಲ್ಲು ಕಟಕಟ ಎನ್ನುತ್ತಿರುತ್ತದೆ, ಉಸಿರು ತುಂಡು ತುಂಡಾಗಿ ಬರುತ್ತದೆ. ‘ಸಿಸ್ಟರ್, ಕೈ ಬಿಡಬೇಡಿ’ ಎಂದು ಪಿಸುಗುಟ್ಟುತ್ತಾರೆ. ಹಸಿ ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಆ ಬಿಸಿಗೇ ಕೆಲವರು ಹೆದರಿಬಿಡುತ್ತಾರೆ. ನಮ್ಮ ಬಹುಪಾಲು ಹೊಡೆದಾಟದ ಸಿನಿಮಾಗಳಲ್ಲಿ ‘ಢಿಶುಂ’ ಆದ ಮೇಲೆ ಇದು ಯಾವುದೂ ಇರುವುದಿಲ್ಲ. ಹತ್ತು ಜನ ಹಾರಿ ಬೀಳುತ್ತಾರೆ, ಒಬ್ಬನಾದರೂ ನರಳುವುದಿಲ್ಲ. ಈ ಹೆಡ್‌ಫೋನ್ ಹಾಕಿಕೊಂಡ ಮೇಲೆ ಆ ಖಾಲಿತನ ಎದ್ದು ಕೇಳಿಸತೊಡಗಿದೆ, ನನಗೆ ಅದು ಸಹಿಸಲಾಗುತ್ತಿಲ್ಲ. ಬಿದ್ದವನಿಗೂ ಒಂದು ಮೈ ಇದೆಯಲ್ಲ!

1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಇದನ್ನು ಬಲ್ಲ ಸಿನಿಮಾ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಫ್ರಾನ್ಸಿನ ಒಮಾಹಾ ಕಡಲತೀರದಲ್ಲಿ ನಡೆದ ಕಾಳಗವನ್ನು ಸಂಗೀತವಿಲ್ಲದೆ ಕಟ್ಟಿದ್ದಾರೆ. ಕ್ಯಾಮೆರಾ ನೀರಿನಡಿಗೆ ಹೋದರೆ ಗುಂಡಿನ ಸದ್ದು ಮಂಕಾಗುತ್ತದೆ, ಮೇಲೆ ಬಂದರೆ ಮತ್ತೆ ಕಿವಿ ಕತ್ತರಿಸುತ್ತದೆ. ಆಮೇಲೆ ಕ್ಯಾಪ್ಟನ್ನನಿಗೆ ಸ್ಫೋಟದಿಂದ ಕಿವಿ ಮುಚ್ಚಿಹೋಗುತ್ತದೆ, ನಮಗೂ. ಆ ಮಂಕಿನಲ್ಲೇ ಒಬ್ಬ ಸೈನಿಕ ಕಳಚಿ ಬಿದ್ದ ತನ್ನ ತೋಳನ್ನು ಎತ್ತಿಕೊಂಡು ಹೋಗುತ್ತಾನೆ. ಚಿತ್ರಮಂದಿರದಲ್ಲಿ ಇದೇ ದೃಶ್ಯ ದೂರದಲ್ಲಿತ್ತು. ಎರಡು ಕಿವಿಯನ್ನೂ ಮುಚ್ಚಿ ಹಿಡಿದ ಈ ಹೆಡ್‌ಫೋನಿನಲ್ಲಿ ಅದು ನನ್ನ ತಲೆಬುರುಡೆಯ ಒಳಗೇ ನಡೆಯಿತು. ಕ್ಲೋರಿನ್ ಹಾಕಿ ತೊಳೆದ ನೆಲ, ಕಬ್ಬಿಣದ ವಾಸನೆಯ ರಕ್ತ, ಎರಡೂ ಮೂಗಿಗೆ ಬಂದಂತಾಯಿತು.

ಕೊರತೆಯನ್ನೂ ಹೇಳಬೇಕು. ಚಿತ್ರಮಂದಿರದ ದೊಡ್ಡ ಸ್ಪೀಕರ್ ಎದೆಗೂಡನ್ನು ಅದುರಿಸುವ ಹಾಗೆ ಯಾವ ಹೆಡ್‌ಫೋನೂ ಅದುರಿಸಲಾರದು. ಫಿರಂಗಿಯ ಪೆಟ್ಟು ಇಲ್ಲಿ ಕಿವಿಯಲ್ಲೇ ಉಳಿಯುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದಾದ್ದರಿಂದ ಏಪ್ರಿಲ್ ತಿಂಗಳಲ್ಲಿ ಮುಕ್ಕಾಲು ಗಂಟೆಗೊಮ್ಮೆ ತೆಗೆದು ಬೆವರು ಒರೆಸಿಕೊಳ್ಳಬೇಕು. ದುಂಡನೆಯ ರಂಧ್ರವಿಲ್ಲದ ಮೊಬೈಲಿಗೆ ಅಡಾಪ್ಟರ್ ಬೇರೆ ಕೊಳ್ಳಬೇಕು. ಸದ್ದಿನ ಮಟ್ಟದ ಬಗ್ಗೆ ಎಚ್ಚರವಿರಲಿ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಪಿಸುಮಾತು ಕೇಳಲೆಂದು ಸದ್ದು ಏರಿಸಿ ಹಾಗೆಯೇ ಬಿಟ್ಟರೆ ಮುಂದಿನ ಗುಂಡು ನಿಮ್ಮ ಕಿವಿಗೇ ಹೊಡೆಯುತ್ತದೆ.

ಹೋದ ತಿಂಗಳು ನನ್ನ ಜೊತೆಗೆ ಕೆಲಸ ಮಾಡುವ ಪ್ಲಾಸ್ಟರ್ ಕೊಠಡಿಯ ಅಣ್ಣನಿಗೆ ಆ ಕಡಲತೀರದ ದೃಶ್ಯವನ್ನು ಕೇಳಿಸಿದೆ. ಮೂವತ್ತು ವರ್ಷ ಮುರಿದ ಕೈಕಾಲುಗಳನ್ನೇ ಹಿಡಿದವರು. ಎರಡು ನಿಮಿಷಕ್ಕೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ‘ಅಮ್ಮಾ, ಒಂದು ಲೋಟ ನೀರು ಕೊಡಿ’ ಎಂದರು.