ಕ್ಲಿಂಗಾನ್ ಕ್ರಿಯಾಪದ ಕಲಿಯೋಕೆ ಪುಸ್ತಕವೋ, ಆ್ಯಪೋ?

ಕ್ಲಿಂಗಾನ್ ಅಂದ್ರೆ ‘ಸ್ಟಾರ್ ಟ್ರೆಕ್’ ಸಿನಿಮಾ, ಧಾರಾವಾಹಿಗಳಲ್ಲಿ ಬರೋ ಕ್ಲಿಂಗಾನರು ಅನ್ನೋ ಅನ್ಯಗ್ರಹದವರಿಗಾಗಿ ಕಟ್ಟಿದ ಭಾಷೆ. ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಆ ಭಾಷೆ ಕಟ್ಟಿದ ಮಾರ್ಕ್ ಒಕ್ರಾಂಡ್ ಅವರ ‘ದ ಕ್ಲಿಂಗಾನ್ ಡಿಕ್ಷನರಿ’ಗೆ. 1985ರ ಪುಸ್ತಕ, 1992ರಲ್ಲಿ ಅನುಬಂಧ ಸೇರಿಸಿ ತಂದ ಆವೃತ್ತಿ ನನ್ನ ಹತ್ತಿರ ಇದೆ. ಪೈಪೋಟಿಗೆ ಇದ್ದದ್ದು ಒಂದು ಪಾಠದ ಆ್ಯಪ್ (ಹೆಸರು ಬೇಡ ಬಿಡ್ರಿ, ವರ್ಷದ ಚಂದಾ ಕಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ) ಮತ್ತು ಕ್ಲಿಂಗಾನ್ ಭಾಷಾ ಸಂಸ್ಥೆಯ ಪುಕ್ಕಟೆ ನಿಘಂಟು ಆ್ಯಪ್ ‘ಬೊಕ್ವಿ’.

ಸಿಟ್ಟಿಗೆ ಕಾರಣ ‘ಪು’ ಅನ್ನೋ ಒಂದು ಪ್ರತ್ಯಯ. ಕ್ಲಿಂಗಾನಿನ ಕ್ರಿಯಾಪದಕ್ಕೆ ಭೂತ, ಭವಿಷ್ಯತ್ ಅಂತ ರೂಪಗಳೇ ಇಲ್ಲ. ‘ವಿಷೊಪ್’ ಅಂದ್ರೆ ಚಿಕ್ಕವನಿದ್ದಾಗ ಅದನ್ನ ತಿಂತಿದ್ದೆ, ಈಗಲೂ ತಿಂತೀನಿ, ನಾಳೆ ತಿಂತೀನಿ, ಯಾವುದೂ ಆಗಬಹುದು. ‘ಪು’ ಹಚ್ಚಿದರೆ ಕೆಲಸ ಮುಗೀತು ಅಂತ ಅರ್ಥ, ಅಷ್ಟೇ. ನಿನ್ನೆ ತಿಂದು ಮುಗಿಸಿದ್ದಕ್ಕೂ ‘ಪು’, ನಾಳೆ ನೀವು ಬರೋದ್ರೊಳಗೆ ತಿಂದಿರ್ತೀನಿ ಅನ್ನೋದಕ್ಕೂ ‘ಪು’.

ಆ್ಯಪ್ ಇದನ್ನ ಎಲ್ಲೂ ಬಿಡಿಸಿ ಹೇಳಲ್ಲ. ಹಳೇ ಕಾಲದ ವಾಕ್ಯ ಬಂತು ಅಂತ ‘ಪು’ ಹಚ್ಚಿದರೆ ಒಮ್ಮೆ ಹಸಿರು, ಒಮ್ಮೆ ಕೆಂಪು. ಪಕ್ಕದಲ್ಲಿ ಕೂತಿದ್ದ ತಮ್ಮ, ‘ಅಣ್ಣಾ, ತಪ್ಪು ಅಂತೈತಿ, ಯಾಕ ತಪ್ಪು ಅಂತ ಹೇಳವಲ್ದಲ್ಲ’ ಅಂದ. ಅದೇ ನನ್ನ ತಕರಾರೂ. ಇದರ ಮೇಲೆ, ಮಾತಾಡಬಲ್ಲ ಜೀವಿಗಳ ಹೆಸರಿಗೆ ಬಹುವಚನದ ಪ್ರತ್ಯಯವೂ ‘ಪು’ನೇ! ಎರಡೂ ಒಂದೇ ಪಾಠದಲ್ಲಿ ಬಂದರೆ ತಲೆ ಗಿರ್ ಅನ್ನುತ್ತೆ. ಒಕ್ರಾಂಡ್ ನಾಮಪದಕ್ಕೆ ಬೇರೆ ಅಧ್ಯಾಯ, ಕ್ರಿಯಾಪದಕ್ಕೆ ಬೇರೆ ಅಧ್ಯಾಯ ಮಾಡಿ, ಕ್ರಿಯಾ ಪ್ರತ್ಯಯಗಳನ್ನ 9 ಬಗೆಯಾಗಿ ಕ್ರಮವಾಗಿ ಕೂರಿಸಿದ್ದಾರೆ. ‘ಪು’ 7ನೇ ಬಗೆ. ಆ ಪುಟ ಓದಿದ ಮೇಲೆ ಗೊಂದಲ ಉಳಿಯಲಿಲ್ಲ.

ನಿಷೇಧದ ‘ಬೆ’ ಮಾತ್ರ ಆ ಸಾಲಿಗೆ ಸಿಗದೆ ಓಡಾಡುತ್ತೆ. ‘ಡಲೆಘ್‌ವಿಪ್‌ಬೆ’ ಅಂದ್ರೆ ನೀನು ಅದನ್ನ ನೋಡೋಕೆ ಹೆದರಲ್ಲ. ‘ಡಲೆಘ್‌ಬೆವಿಪ್’ ಅಂದ್ರೆ ನೋಡದೆ ಇರೋಕೆ ಹೆದರ್ತೀಯ. ‘ನಾನು ಹೆದರ್ತೀನಿ’ ಅನ್ನೋಕೆ ವ್ಯಾಕರಣ ಅಡ್ಡಿ ಮಾಡಲ್ಲ, ಆದರೆ ಕ್ಲಿಂಗಾನರಲ್ಲಿ ಹಾಗನ್ನೋದು ನಿಷಿದ್ಧ ಅಂತಲೂ ಪುಸ್ತಕದಲ್ಲಿದೆ. ಇಂಥದ್ದು ಓದೋಕೇ ನಾನು ದುಡ್ಡು ಕೊಟ್ಟಿದ್ದು.

ಉಚ್ಚಾರಣೆಗೆ ಆ್ಯಪೂ ಬೇಡ, ಪುಸ್ತಕವೂ ಬೇಡ, ಬಲ್ಲವರ ಧ್ವನಿ ಕೇಳಬೇಕು. ಡ, ಷ ನಮಗೆ ಸಲೀಸು. ಗಂಟಲಾಳದ ‘ಕ’ ರಾಯಚೂರಿನ ಉರ್ದು ಗೆಳೆಯನಿಗೆ ಸುಲಭ ಅಂದುಕೊಂಡಿದ್ದೆ; ದಖ್ಖನಿ ಬಾಯಲ್ಲಿ ಅದು ‘ಖ’ ಆಗಿಬಿಡುತ್ತೆ, ಕ್ಲಿಂಗಾನಿನಲ್ಲಿ ಅದು ಇನ್ನೊಂದೇ ಅಕ್ಷರ.

ಬೊಕ್ವಿ ಚೆನ್ನಾಗಿದೆ. ಉದ್ದನೆಯ ಪದ ಹಾಕಿದರೆ ಧಾತು, ಪ್ರತ್ಯಯ ಬಿಡಿಸಿ ತೋರಿಸುತ್ತೆ. 1992ರ ಆಮೇಲೆ ಬಂದ ಪದಗಳು ಪುಸ್ತಕದಲ್ಲಿ ಸಿಗಲ್ಲ, ಇದರಲ್ಲಿ ಸಿಗುತ್ತೆ. ಆದರೆ ಇದೊಂದರಿಂದಲೇ ಕಲಿಯೋದು ಕಷ್ಟ.

ಶಕ್ತಿನಗರಕ್ಕೆ ಡ್ಯೂಟಿಗೆ ಬಸ್ಸಲ್ಲಿ ಹೋಗ್ತಾ ಓದೋನು ನಾನು, ದಿನಾ ಪಾಯಿಂಟ್ ಎಣಿಸೋ ಚಾಳಿ ಇಲ್ಲ. ಒಮ್ಮೆ ದುಡ್ಡು ಕೊಟ್ಟರೆ ಮುಗೀಬೇಕು. ಹಾಗಾಗಿ ಚಂದಾ ನವೀಕರಣ ಬಂದ್, ಪುಸ್ತಕ ಚೀಲದಲ್ಲಿ, ಬೊಕ್ವಿ ಫೋನಲ್ಲಿ. ದುಡ್ಡು ಹಾಕೋ ಮನಸ್ಸೇ ಇಲ್ಲದಿದ್ದರೆ ಬೊಕ್ವಿ ಹಾಕಿಕೊಂಡು, ಪುಸ್ತಕ ಯಾರ ಹತ್ತಿರವಾದರೂ ಕಡ ತಗೊಳ್ರಿ. ನನ್ನದು ಮಾತ್ರ ಕೇಳಬೇಡ್ರಿ.