ಬೀದಿ ಮಟ್ಟದ ಅಪರಾಧ ನಕ್ಷೆ: ಪೊಲೀಸ್ ಡಾಟ್ ಯುಕೆ ಎಷ್ಟು ಉಪಯುಕ್ತ?

ಮಂಗಳೂರಿನಿಂದ ಇಂಗ್ಲೆಂಡಿಗೆ ಓದಲು ಹೋಗುವ ಮಕ್ಕಳಿಗೆ ಬಾಡಿಗೆ ಕೋಣೆ ಗೊತ್ತುಮಾಡುವಾಗ, ಆ ಬೀದಿ ಹೇಗಿದೆ ಎಂದು ಮನೆಯವರು ಅಲ್ಲಿರುವ ಪರಿಚಿತರನ್ನು ವಾಟ್ಸಾಪ್‌ನಲ್ಲಿ ಕೇಳುವುದು ರೂಢಿ. ಅದರ ಜೊತೆಗೆ ನೋಡಬೇಕಾದದ್ದು ಪೊಲೀಸ್ ಡಾಟ್ ಯುಕೆ ಎಂಬ ಅಧಿಕೃತ ಜಾಲತಾಣ. ಬೀದಿ ಮಟ್ಟದ ಅಪರಾಧ ನಕ್ಷೆಯನ್ನು ಇದು 2011ರಿಂದ ಉಚಿತವಾಗಿ ತೆರೆದಿಟ್ಟಿದೆ. ಅಣ್ಣನ ಮಗಳು ಲೆಸ್ಟರಿಗೆ ಹೊರಟಾಗ ನಾನು ಇದನ್ನು ಸಾಕಷ್ಟು ಬಳಸಿದ್ದೇನೆ. ಸ್ಕಾಟ್ಲೆಂಡಿಗೆ ಹೋಗುವವರಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ.

ಪೋಸ್ಟ್‌ಕೋಡ್ ನಮೂದಿಸಿದರೆ ಆ ಪ್ರದೇಶದ ನಕ್ಷೆ ತೆರೆದುಕೊಂಡು, ಅಲ್ಲಲ್ಲಿ ಅಂಕಿಗಳು ಕಾಣಿಸುತ್ತವೆ. ನೋಡಿಟ್ಟ ಕೋಣೆಯ ಎದುರಿಗೇ ದೊಡ್ಡ ಅಂಕಿ ಕಂಡರೆ ಯಾರಿಗಾದರೂ ಗಾಬರಿಯಾದೀತು. ಆದರೆ ಘಟನೆ ನಡೆದ ಜಾಗವನ್ನು ಪೊಲೀಸರು ಇದ್ದಂತೆಯೇ ತೋರಿಸುವುದಿಲ್ಲ. ಬೀದಿಯ ನಡುಭಾಗ, ಸೂಪರ್‌ಮಾರ್ಕೆಟ್, ವಾಹನ ನಿಲುಗಡೆ ಜಾಗ ಮುಂತಾಗಿ ಮೊದಲೇ ಗೊತ್ತುಪಡಿಸಿದ ಬಿಂದುಗಳ ಪೈಕಿ ಹತ್ತಿರದ್ದಕ್ಕೆ ಅದನ್ನು ಸೇರಿಸುತ್ತಾರೆ. ಒಂದು ಬಿಂದುವಿನ ವ್ಯಾಪ್ತಿಯಲ್ಲಿ ಕನಿಷ್ಠ 8 ವಿಳಾಸಗಳಿರಬೇಕು, ಇಲ್ಲವೇ ಒಂದೂ ಇರಬಾರದು ಎಂಬುದು ನಿಯಮ. ಕಳ್ಳತನವಾದ ಮನೆ ಯಾರದೆಂದು ಹೊರಗಿನವರಿಗೆ ತಿಳಿಯಬಾರದೆಂಬ ಈ ಎಚ್ಚರಿಕೆ ಮೆಚ್ಚತಕ್ಕದ್ದೇ. ಆದರೆ ಇದೇ ಕಾರಣಕ್ಕೆ, ಇಂಥ ಮನೆ ಸುರಕ್ಷಿತವೇ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿಲ್ಲ. ದಿನಾಂಕವನ್ನೂ ಕೊಡದೆ ತಿಂಗಳನ್ನಷ್ಟೇ ಹೇಳುವುದರಿಂದ, ಘಟನೆ ಹಗಲಿನದೋ ನಡುರಾತ್ರಿಯದೋ ಎಂದೂ ತಿಳಿಯುವಂತಿಲ್ಲ.

ಆದ್ದರಿಂದ ಒಟ್ಟು ಅಂಕಿಯನ್ನು ಬದಿಗಿಟ್ಟು, ಅಪರಾಧದ ಬಗೆಯನ್ನು ನೋಡಬೇಕು. ಸೂಪರ್‌ಮಾರ್ಕೆಟ್ ಬಳಿಯ ರಾಶಿಯಲ್ಲಿ ಹೆಚ್ಚಿನವು ಅಂಗಡಿ ಕಳವಿನ ಪ್ರಕರಣಗಳಾಗಿದ್ದರೆ ವಿದ್ಯಾರ್ಥಿಗೆ ಅದರಿಂದ ತೊಂದರೆಯಿಲ್ಲ. ಮನೆಗಳ್ಳತನ, ದರೋಡೆ, ಸೈಕಲ್ ಕಳವು, ಈ ಮೂರನ್ನು ಹಲವು ತಿಂಗಳ ಮಟ್ಟಿಗೆ ಗಮನಿಸಿದರೆ ಆ ಪ್ರದೇಶದ ಒಂದು ಅಂದಾಜು ಸಿಗುತ್ತದೆ. ಪ್ರಕರಣ ಏನಾಯಿತೆಂಬುದನ್ನೂ ನಮೂದಿಸಿರುವುದು ನನಗೆ ಬಹಳ ಹಿಡಿಸಿತು. ಸೈಕಲ್ ಕಳವಿನ ಕೆಳಗೆ 'ತನಿಖೆ ಮುಗಿದಿದೆ, ಆರೋಪಿ ಪತ್ತೆಯಾಗಿಲ್ಲ' ಎಂಬ ಅರ್ಥದ ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ಅಲ್ಲಿ ದುಬಾರಿ ಸೈಕಲ್ ಕೊಳ್ಳಬೇಕೆಂದಿರುವವರು ಇದನ್ನು ಓದಿಕೊಳ್ಳುವುದು ಲೇಸು. ಖಾಲಿ ನಕ್ಷೆಯನ್ನೂ ಹಾಗೆಯೇ ನಂಬಬಾರದು. ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು 2019ರಲ್ಲಿ ಕಂಪ್ಯೂಟರ್ ವ್ಯವಸ್ಥೆ ಬದಲಾಯಿಸಿದ ಮೇಲೆ ಅಲ್ಲಿಂದ ಬಹುಕಾಲ ಮಾಹಿತಿಯೇ ಬಂದಿರಲಿಲ್ಲ.

ನಮ್ಮಲ್ಲಿರುವ ಸೌಲಭ್ಯ ಇದಕ್ಕೆ ತದ್ವಿರುದ್ಧ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಹಾಗೆ ಸಿಗುವ ಪ್ರತಿಯಲ್ಲಿ ಪಿರ್ಯಾದಿದಾರರ ಹೆಸರು, ವಿಳಾಸ, ಕಳವಾದ ಸ್ಕೂಟರಿನ ನಂಬರು ಎಲ್ಲವೂ ಇರುತ್ತದೆ. ಕಳೆದುಕೊಂಡವರ ವಿವರ ಇಷ್ಟು ಬಹಿರಂಗವಾಗಿರುವುದು ಸರಿಯೆಂದು ನನಗೆ ತೋರುವುದಿಲ್ಲ. ಇಷ್ಟಾಗಿಯೂ ಕದ್ರಿಯಲ್ಲಿ ಈ ವರ್ಷ ಎಷ್ಟು ಸರಗಳ್ಳತನವಾಯಿತೆಂದು ಈ ಪ್ರತಿಗಳಿಂದ ತಿಳಿಯಬೇಕಾದರೆ ಒಂದೊಂದನ್ನೇ ತೆರೆದು ಲೆಕ್ಕಹಾಕಬೇಕು. ಅದಕ್ಕೂ ಮೊದಲು ಜನ ಕದ್ರಿ ಠಾಣೆಯೆನ್ನುವುದು ಮಂಗಳೂರು ಪೂರ್ವ, ಬಂದರು ಠಾಣೆಯೆನ್ನುವುದು ಮಂಗಳೂರು ಉತ್ತರ ಎಂಬುದು ಗೊತ್ತಿರಬೇಕು. ಸುರತ್ಕಲ್, ಉಳ್ಳಾಲ, ಮೂಡುಬಿದಿರೆ ನಗರ ಕಮಿಷನರೇಟಿಗೆ ಸೇರಿದರೆ, ಬಂಟ್ವಾಳ, ಪುತ್ತೂರು ಜಿಲ್ಲಾ ಎಸ್‌ಪಿ ವ್ಯಾಪ್ತಿಗೆ ಬರುತ್ತವೆ. 2024ರ ಜುಲೈ 1ರಿಂದ ಐಪಿಸಿಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದ್ದು, ಕಸಿದುಕೊಂಡು ಹೋಗುವ ಕಳ್ಳತನಕ್ಕೆ ಕಲಂ 304 ಪ್ರತ್ಯೇಕವಾಗಿದೆ. ಹಿಂದೆ ಇಂಥವು 379 ಅಥವಾ 392ರಂಥ ಕಲಂಗಳಡಿ ದಾಖಲಾಗುತ್ತಿದ್ದುದರಿಂದ, ವರ್ಷಗಳನ್ನು ಹೋಲಿಸಲು ಹೊರಟವರು ಹಳೆಯ, ಹೊಸ ಕಲಂಗಳೆರಡನ್ನೂ ಹುಡುಕಬೇಕಾಗುತ್ತದೆ.