ಮೂರು ಪಕ್ಷದ ಶಾಲು, ಒಂದೇ ಹಗ್ಗ: ಬಳ್ಳಾರಿಯ ಒಂದು ಫ್ಲೆಕ್ಸ್ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಪ್ರಿಂಟ್ ಚೆನ್ನಾಗಿದೆ. ರೇಟೂ ಪರವಾಗಿಲ್ಲ. ಆದರೆ ಚುನಾವಣೆ ಟೈಮಲ್ಲಿ ಮದುವೆ, ನಾಮಕರಣದ ಬ್ಯಾನರ್ ಮಾಡಿಸೋಕೆ ಈ ಅಂಗಡಿ ಕಡೆ ತಲೆ ಹಾಕಬೇಡಿ. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ, ಮುಂದಿನ ಸಲವೂ ನಾನು ಅಲ್ಲಿಗೇ ಹೋಗಬೇಕು. ರಾಯಲ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರ. ಬಾಗಿಲಲ್ಲಿ ಮೂರೂ ಪಕ್ಷದ ಶಾಲುಗಳನ್ನು ಒಂದೇ ಹಗ್ಗಕ್ಕೆ ನೇತು ಹಾಕಿರುತ್ತಾರೆ. ಬಳ್ಳಾರಿಯವರಿಗೆ ಇಷ್ಟು ಗುರುತು ಸಾಕು.

2024ರ ಏಪ್ರಿಲ್‌ನಲ್ಲಿ ಅಕ್ಕನ ಮಗಳ ಮದುವೆಗೆ ಸ್ವಾಗತದ ಬ್ಯಾನರ್ ಬೇಕಿತ್ತು. ಮೇ 7ಕ್ಕೆ ನಮ್ಮಲ್ಲಿ ಲೋಕಸಭೆ ಮತದಾನ. ಅಂಗಡಿ ತುಂಬಾ ಜನ, ಇಂಕಿನ ಘಾಟು, ತಿರುಗೋದು ಒಂದೇ ಫ್ಯಾನು. ಹೊರಗಿನ ಬಿಸಿಲಿನ ಬಗ್ಗೆ ಹೇಳೋದೇ ಬೇಡ. ಸಂಜೆಗೆ ಕೊಡುತ್ತೇವೆ ಅಂದಿದ್ದರು, ಸಂಜೆ ಹೋದರೆ ನಮ್ಮ ಫೈಲನ್ನು ಇನ್ನೂ ತೆರೆದೇ ಇಲ್ಲ. ಸರಿ ಅಂತ ಸ್ಟೂಲ್ ಎಳೆದುಕೊಂಡು ಡಿಸೈನರ್ ಹುಡುಗನ ಪಕ್ಕದಲ್ಲೇ ಕೂತೆ.

ಆಗ ಒಬ್ಬರು ಬಂದರು. ಅವರ ನಾಯಕರು ಅವತ್ತು ಬೆಳಗ್ಗೆ ಪಕ್ಷ ಬದಲಿಸಿದ್ದಾರೆ, ಮರುದಿನ ಊರಿಗೆ ಬರುತ್ತಾರೆ, ರಾತ್ರಿಯೊಳಗೆ ಸ್ವಾಗತದ ಫ್ಲೆಕ್ಸ್ ಬೇಕು. ಹುಡುಗ ತಲೆ ಎತ್ತದೇ ಹಳೇ ಹುಟ್ಟುಹಬ್ಬದ ಫೈಲ್ ತೆಗೆದ. ಕೈ ಮುಗಿದ ಅದೇ ಫೋಟೋ. ಹೆಗಲ ಮೇಲಿನ ಶಾಲನ್ನು ಸೆಲೆಕ್ಟ್ ಮಾಡಿ ಬಣ್ಣ ಎಳೆದ, ಮೇಲಿದ್ದ ದುಂಡು ದುಂಡು ತಲೆಗಳನ್ನು ಅಳಿಸಿ ಹೊಸ ತಲೆಗಳನ್ನು ಕೂರಿಸಿದ, ಚಿಹ್ನೆ ಬದಲಿಸಿದ. ಕಾಲರ್ ಹತ್ತಿರ ಹಳೇ ಬಣ್ಣದ ಒಂದು ಎಳೆ ಉಳಿದಿತ್ತು, ಅದನ್ನು ಜೂಮ್ ಮಾಡಿ ಒರೆಸಿದ. ಇಷ್ಟೆಲ್ಲ ಆಗೋಕೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಕೊನೆಗೆ ಕೆಳಗಿನ ಸಾಲಿಗೆ ಬಂದು ನಿಂತ. ದೊಡ್ಡ ಅಕ್ಷರದಲ್ಲಿ 'ಪಕ್ಷನಿಷ್ಠೆಗೆ ಇನ್ನೊಂದು ಹೆಸರು' ಅಂತಿತ್ತು.

"ಅಣ್ಣಾ, ಇದು ಇರ್ಲೇನು, ತೆಗೀಲೇನು?"

"ಇರ್ಲಿ ಬಿಡಪ್ಪ, ಅದ್ರಾಗ ಏನ್ ತಪ್ಪೈತಿ?"

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ.

ಅಂಗಡಿಯ ಗುಣ ಅಂದರೆ ಇದೇ. ಯಾರನ್ನೂ ಯಾಕೆ ಅಂತ ಕೇಳುವುದಿಲ್ಲ. ತಲೆಗಳ ಲೆಕ್ಕದಲ್ಲಂತೂ ಇವರನ್ನು ಮೀರಿಸೋರಿಲ್ಲ. ದೆಹಲಿಯವರು ಎಲ್ಲಿ, ಬೆಂಗಳೂರಿನವರು ಎಲ್ಲಿ, ಜಿಲ್ಲಾ ಉಸ್ತುವಾರಿ ಎಷ್ಟು ಇಂಚು ಇರಬೇಕು, ಯಾರ ಪಕ್ಕ ಯಾರನ್ನು ಕೂರಿಸಿದರೆ ಜಗಳ ಆಗುತ್ತೆ, ಎಲ್ಲಾ ಬಾಯಿಪಾಠ. ಟಿಕೆಟ್ ಘೋಷಣೆಗೆ ಮುಂಚೆ ಆಕಾಂಕ್ಷಿಗಳು ಒಂದು ತಲೆಯನ್ನೂ ಬಿಡುವುದಿಲ್ಲವಂತೆ, ಕೈ ಮುಗಿದವರಿಗೇ ಜಾಗ ಇರುವುದಿಲ್ಲ. ಪಟ್ಟಿ ಬಂದ ಮರುದಿನ ಹೆಸರಿಲ್ಲದವರು ಬಂದು, ಆ ತಲೆ ತೆಗಿ, ಈ ತಲೆ ಸಣ್ಣದು ಮಾಡು ಅನ್ನುತ್ತಾರೆ. ಮಾಲೀಕರು ಇದಕ್ಕೆ ಒಂದು ನಿಯಮ ಇಟ್ಟಿದ್ದಾರೆ: "ಮದ್ಲ ಕೇಳ್ಕೊಂಡು ಬರ್ರಿ. ಆಮ್ಯಾಲ ಬದ್ಲಿ ಮಾಡಂದ್ರ ಮತ್ತ ರೊಕ್ಕ ಕೊಡಬೇಕ್ರಿ."

ನಮ್ಮ ಕಡೆ ಈ ನಿಯಮ ಬೇಕೇ ಬೇಕು. ರಾಯಚೂರು ಜಿಲ್ಲೆಯ ಮಸ್ಕಿ ನೆನಪು ಮಾಡಿಕೊಳ್ಳಿ. 2018ರಲ್ಲಿ ಕಾಂಗ್ರೆಸ್‌ನಿಂದ ಪ್ರತಾಪಗೌಡ ಪಾಟೀಲ, ಬಿಜೆಪಿಯಿಂದ ಬಸನಗೌಡ ತುರ್ವಿಹಾಳ. ಪಾಟೀಲರು ಗೆದ್ದಿದ್ದು ಬರೀ 213 ಮತದಿಂದ. 2021ರ ಉಪಚುನಾವಣೆ ಬಂತು, ಪಾಟೀಲರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್. ಅದೇ ಕ್ಷೇತ್ರ, ಅದೇ ಇಬ್ಬರು, ಚಿಹ್ನೆ ಅದಲು ಬದಲು. ಈ ಸಲ ತುರ್ವಿಹಾಳರು 30 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಡಿಸೈನರ್‌ಗೆ ಎಂಥಾ ಸುಲಭದ ಕೆಲಸ ನೋಡಿ! ಕಷ್ಟ ಆಗಿದ್ದು ಕಾರ್ಯಕರ್ತರಿಗೆ. ಮೂರು ವರ್ಷದ ಹಿಂದೆ ಯಾರ ವಿರುದ್ಧ ಗಂಟಲು ಹರಿದುಕೊಂಡಿದ್ದರೋ ಅವರ ಪರವಾಗಿಯೇ ಮನೆ ಮನೆ ಸುತ್ತಬೇಕಾಯಿತು.

ಕೊಪ್ಪಳದ್ದೂ ಹಾಗೇ. 2019ರಲ್ಲಿ ಬಿಜೆಪಿಯ ಕರಡಿ ಸಂಗಣ್ಣ ಅವರು ಕಾಂಗ್ರೆಸ್‌ನ ರಾಜಶೇಖರ ಹಿಟ್ನಾಳ ಅವರನ್ನು ಸೋಲಿಸಿ ಸಂಸದರಾದರು. 2024ರಲ್ಲಿ ಟಿಕೆಟ್ ತಪ್ಪಿತು, ಏಪ್ರಿಲ್‌ನಲ್ಲಿ ಕಾಂಗ್ರೆಸ್ ಸೇರಿದರು. ಆ ಸಲ ಕಾಂಗ್ರೆಸ್ ಅಭ್ಯರ್ಥಿ ಅದೇ ಹಿಟ್ನಾಳ, ಗೆದ್ದವರೂ ಅವರೇ. ನಮ್ಮ ಬಳ್ಳಾರಿಗೆ ಬಂದರೆ ಶ್ರೀರಾಮುಲು 2011ರಲ್ಲಿ ಬಿಜೆಪಿ ಬಿಟ್ಟು ಪಕ್ಷೇತರರಾಗಿ ಗೆದ್ದರು, ಬಿಎಸ್ಆರ್ ಕಾಂಗ್ರೆಸ್ ಕಟ್ಟಿದರು, 2014ಕ್ಕೆ ವಾಪಸ್ ಬಿಜೆಪಿಯಿಂದಲೇ ಸಂಸದರಾದರು. ಜನಾರ್ದನ ರೆಡ್ಡಿ 2022ರ ಡಿಸೆಂಬರ್‌ನಲ್ಲಿ ಹೊಸ ಪಕ್ಷ ಮಾಡಿ ಫುಟ್‌ಬಾಲ್ ಚಿಹ್ನೆಯಲ್ಲಿ ಗಂಗಾವತಿ ಗೆದ್ದರು, 2024ರ ಮಾರ್ಚ್‌ನಲ್ಲಿ ಪಕ್ಷವನ್ನೇ ಬಿಜೆಪಿಯಲ್ಲಿ ವಿಲೀನ ಮಾಡಿದರು. ಅಂಗಡಿಯ ಮೂಲೆಯಲ್ಲಿ ಫುಟ್‌ಬಾಲ್ ಚಿತ್ರದ ಟೋಪಿಗಳ ಒಂದು ಕಟ್ಟು ನಾನು ಹೋದಾಗಲೂ ಬಿದ್ದಿತ್ತು. ಬೇಕಾದರೆ ಮಕ್ಕಳಿಗೆ ಒಯ್ಯಿರಿ ಅಂದರು. ಎರಡು ತಂದೆ, ಬಿಸಿಲಿಗೆ ಪರವಾಗಿಲ್ಲ.

ಪಕ್ಷ ಬದಲಿಸದವರೂ ಮಾತು ಬದಲಿಸಬೇಕಾಗುತ್ತೆ, ಅದು ಇನ್ನೂ ಮಜಾ. 2019ರಲ್ಲಿ ಜೆಡಿಎಸ್‌ನವರು ಕಾಂಗ್ರೆಸ್ ಜೊತೆ, 2023ರ ವಿಧಾನಸಭೆಗೆ ಒಬ್ಬರೇ, ಆ ಸೆಪ್ಟೆಂಬರ್ ಹೊತ್ತಿಗೆ ಬಿಜೆಪಿ ಜೊತೆ. ಹೀಗಾಗಿ 2024ಕ್ಕೆ ಹಸಿರು, ಕೇಸರಿ ಎರಡೂ ಶಾಲು ಒಟ್ಟಿಗೆ ಹಾಕಿಕೊಂಡ ಫೋಟೋಗಳು ಬೇಕಾದವು. ಉಚಿತ ಯೋಜನೆಗಳದ್ದೂ ಇದೇ ಕಥೆ. 2022ರಲ್ಲಿ ಪ್ರಧಾನಿ ಮೋದಿ 'ರೇವಡಿ', ಅಂದರೆ ಪುಕ್ಕಟೆ ಹಂಚುವ ಮಿಠಾಯಿ, ಅಂತ ಟೀಕೆ ಮಾಡಿದರು, ಕೆಳಗಿನವರೆಲ್ಲ ಅದನ್ನೇ ಒಪ್ಪಿಸಿದರು. 2023ರಲ್ಲಿ ಅವರದೇ ಬಿಜೆಪಿಯ ಪ್ರಣಾಳಿಕೆ ಬಂತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಾ ಅರ್ಧ ಲೀಟರ್ ನಂದಿನಿ ಹಾಲು. ನಿನ್ನೆವರೆಗೆ ಬಿಟ್ಟಿ ಅಂತಿದ್ದವರು ಬೆಳಗಾಗೋದರಲ್ಲಿ ಬಡವರ ಕಾಳಜಿ ಅನ್ನತೊಡಗಿದರು. ಒಳಗೊಳಗೆ ಏನು ಅನ್ನಿಸಿತೋ, ಯಾರೂ ಬಾಯಿ ಬಿಡಲಿಲ್ಲ. ಪಕ್ಷಾಂತರಕ್ಕಾದರೆ 1985ರಿಂದ ಕಾನೂನು ಇದೆ, ಅದೂ ಗೆದ್ದವರಿಗೆ ಮಾತ್ರ. ಮಾತಿಗೆ ಯಾವ ಕಾನೂನು?

ಇನ್ನು ಅಂಗಡಿ ವಿಷಯ. ಕರಪತ್ರ ಮಾಡಿಸೋರಿಗೆ ಒಂದು ನೆಮ್ಮದಿ, ಇಲ್ಲಿ ಅಡಿಯಲ್ಲಿ ಮುದ್ರಕರ ಹೆಸರು, ಪ್ರಕಾಶಕರ ಹೆಸರು, ಎಷ್ಟು ಪ್ರತಿ ಅಂತ ತಪ್ಪದೇ ಹಾಕುತ್ತಾರೆ. ಚುನಾವಣಾ ಕರಪತ್ರಕ್ಕೆ ಮುದ್ರಕರ, ಪ್ರಕಾಶಕರ ಹೆಸರು ಕಡ್ಡಾಯ, ಎಷ್ಟೋ ಕಡೆ ಮರೆತಂತೆ ಮಾಡುತ್ತಾರೆ. ಬಿಲ್ ಕೂಡ ಕೇಳದೇ ಕೊಡುತ್ತಾರೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧ ಮಾಡಿದ್ದಾರೆ, ಆದರೂ ಸುಮ್ನೆ ಬಿಟ್ಟರೆ ಅದನ್ನೇ ಕೊಡುತ್ತಾರೆ. ಬಟ್ಟೆ ಮೇಲೆ ಬೇಕು ಅಂತ ನೀವೇ ಹೇಳಿ, ಸ್ವಲ್ಪ ಜಾಸ್ತಿ ಆಗುತ್ತೆ, ಬಣ್ಣ ಚೆನ್ನಾಗಿ ನಿಲ್ಲುತ್ತೆ. ಶಾಲು ಮಾತ್ರ ತಗೋಬೇಡಿ. ಮೂರೂ ಪಕ್ಷದ್ದು ಒಂದೇ ತೆಳು ಬಟ್ಟೆ, ಬೆವರಿಗೆ ಬಣ್ಣ ಬಿಡುತ್ತೆ.

ಗೋಡೆ ಮೇಲೆ 'ಚುನಾವಣೆ ಕೆಲಸಕ್ಕೆ ಉದ್ರಿ ಇಲ್ಲ' ಅಂತ ಬೋರ್ಡು. ಸೋತವರು ಫೋನ್ ಎತ್ತುವುದಿಲ್ಲ, ಗೆದ್ದವರ ಫೋನನ್ನು ಪಿಎ ಎತ್ತುತ್ತಾನೆ ಅಂತ ಮಾಲೀಕರ ಅನುಭವ. ನಮ್ಮಂಥವರಿಗೆ ಅರ್ಧ ಮುಂಗಡ ಸಾಕು.

ನಮ್ಮ ಬ್ಯಾನರ್ ಸಿಕ್ಕಿದ್ದು ಮದುವೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ. ಅವಸರದಲ್ಲಿ ಯಾವುದೋ ಪ್ರಚಾರದ ಫೈಲಿನ ಹಿನ್ನೆಲೆಯನ್ನೇ ಬಳಸಿದ್ದಾರೆ, ಮೇಲೆ ಕೇಸರಿ, ಕೆಳಗೆ ಹಸಿರು, ನಡುವೆ ವಧೂವರರು. ಬೀಗರ ಕಡೆಯ ಹಿರಿಯರೊಬ್ಬರು ಹುಡುಗ ಎಲ್ಲಿಂದ ನಿಂತಿದ್ದಾನೆ ಅಂತ ಕೇಳಿಯೇಬಿಟ್ಟರು. ಎರಡು ಕಡೆ ರಿಂಗ್ ಹಾಕಿರಲಿಲ್ಲ, ಹಗ್ಗ ಕಟ್ಟೋಕೆ ಬಟ್ಟೆಗೇ ತೂತು ಮಾಡಬೇಕಾಯಿತು. ದುಡ್ಡು ಕಡಿಮೆ ಮಾಡಿ ಅಂದರೆ ಎರಡು ನೂರು ಬಿಟ್ಟರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೆಲಸ ಇದ್ದರೆ ಚುನಾವಣೆ ದಿನಾಂಕ ಘೋಷಣೆಯಾಗುವ ಮುಂಚೆ ಹೋಗಿ, ಇಲ್ಲಾ ಫಲಿತಾಂಶ ಬಂದು ವಾರ ಬಿಟ್ಟು ಹೋಗಿ. ಡಿಸೈನರ್ ಹುಡುಗ ಮಧ್ಯಾಹ್ನ ಊಟಕ್ಕೆ ಹೋದರೆ ನಾಲ್ಕರವರೆಗೆ ಬರುವುದಿಲ್ಲ.